ಅಬಲೂರಿನ ಕಲ್ಲು, ಬಾಡದ ಧಾನ್ಯ

ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಅಬಲೂರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಪ್ರಸಿದ್ಧವಾಗಿದೆ. ಸುಮಾರು 1200ರ ಕಾಲದ ಏಕಾಂತದ ರಾಮಯ್ಯನ ಶಾಸನ ಇರುವುದು ಇಲ್ಲಿ; ತ್ರಿಪದಿಕಾರ ಸರ್ವಜ್ಞನ ತಾಯಿಯ ಊರೆಂದು ಐತಿಹ್ಯ ಹೇಳುವುದೂ ಇದನ್ನೇ. ಶಾಸನವನ್ನು ವೀರಶೈವ ಚರಿತ್ರೆಯ ಅಭ್ಯಾಸಿಗಳು ಓದುತ್ತಾರೆ, ತ್ರಿಪದಿಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದುತ್ತಾರೆ. ಒಂದೇ ಊರಿನ ಈ ಎರಡು ನೆನಪುಗಳನ್ನು ಎದುರುಬದುರು ಇಟ್ಟು ನೋಡಿದರೆ, ಮನುಷ್ಯ ಮನುಷ್ಯರ ನಡುವಣ ಹಗೆಗೆ ಕಲೆ ಎಷ್ಟು ಬಗೆಯಲ್ಲಿ ಪ್ರತಿಕ್ರಿಯಿಸಬಲ್ಲದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಈ ಪುಟ್ಟ ನೆಲದಲ್ಲಿ ಆ ಪ್ರಶ್ನೆಗೆ ಸಿಕ್ಕುವ ಉತ್ತರಗಳು ಒಂದಕ್ಕೊಂದು ಹೊಂದುವಂಥವಲ್ಲ. ಅಧ್ಯಯನಕ್ಕೆ ಅವು ಒದಗುವುದು ಆ ಕಾರಣಕ್ಕಾಗಿಯೇ.

ಜೆ. ಎಫ್. ಫ್ಲೀಟ್ ಅವರು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಸಂಪಾದಿಸಿದ ಆ ಶಾಸನದ ವೃತ್ತಾಂತ ಹೀಗಿದೆ. ಆಳಂದೆಯ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ರಾಮಯ್ಯ ಏಕಾಂತಭಕ್ತಿಯಿಂದ ಶಿವನನ್ನು ಆರಾಧಿಸುತ್ತ ಹುಲಿಗೆರೆಗೆ, ಅಲ್ಲಿಂದ ಅಬ್ಬಲೂರಿಗೆ ಬರುತ್ತಾನೆ. ಊರ ಗೌಡ ಸಂಕಗಾವುಂಡನ ಮುಂದಾಳುತನದಲ್ಲಿದ್ದ ಜೈನರಿಗೂ ಅವನಿಗೂ ವಾದ ಹತ್ತುತ್ತದೆ. ಮಾತು ಪಂಥಕ್ಕೆ ತಿರುಗುತ್ತದೆ. ರಾಮಯ್ಯ ತನ್ನ ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ ಮತ್ತೆ ಪಡೆದರೆ ಜೈನರು ತಮ್ಮ ಜಿನನನ್ನು ತೆಗೆದು ಶಿವನನ್ನು ಪ್ರತಿಷ್ಠಿಸಬೇಕು. ಇದು ಓಲೆಯಲ್ಲಿ ಬರೆದ ಕರಾರು. ತಲೆ ಏಳು ದಿನಗಳ ಬಳಿಕ ಮರಳಿ ಕೂಡಿತೆಂದು ಶಾಸನ ಹೇಳುತ್ತದೆ. ಜೈನರು ಕರಾರಿಗೆ ಒಪ್ಪದಿರಲು ರಾಮಯ್ಯ ಕಾವಲಿನವರನ್ನು ಓಡಿಸಿ ಜಿನಬಿಂಬವನ್ನು ಕಿತ್ತು ಅಲ್ಲಿ ವೀರಸೋಮನಾಥನನ್ನು ನಿಲ್ಲಿಸುತ್ತಾನೆ. ದೂರು ಕಳಚುರಿ ಬಿಜ್ಜಳನ ಆಸ್ಥಾನಕ್ಕೆ ಹೋಗುತ್ತದೆ. ಮತ್ತೊಮ್ಮೆ ಪಂಥ ಕಟ್ಟಲು ರಾಮಯ್ಯ ಸಿದ್ಧನಾಗುತ್ತಾನೆ, ಎದುರಾಳಿಗಳು ಹಿಂಜರಿಯುತ್ತಾರೆ, ಅರಸ ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ. ಮುಂದೆ ಚಾಳುಕ್ಯ ನಾಲ್ವಡಿ ಸೋಮೇಶ್ವರನೂ ಹಾನಗಲ್ಲಿನ ಕದಂಬ ಕಾಮದೇವನೂ ದತ್ತಿ ಕೊಟ್ಟು ಗೌರವಿಸುತ್ತಾರೆ. ಇದೇ ವೃತ್ತಾಂತ ಹರಿಹರನಿಗೆ ರಗಳೆಯ ವಸ್ತುವಾಯಿತು.

ತಲೆ ಕೂಡಿದ ಪವಾಡವನ್ನು ಇತಿಹಾಸಕಾರರು ಪಕ್ಕಕ್ಕಿಟ್ಟರೂ, ಒಂದು ಪಂಗಡದ ಆರಾಧನೆಯ ನೆಲೆ ಇನ್ನೊಂದಕ್ಕೆ ಸೇರಿತೆಂಬುದನ್ನು ಪಕ್ಕಕ್ಕಿಡುವಂತಿಲ್ಲ. ಹಾಗೆಂದು ಈ ಶಾಸನವನ್ನು ಎಂಟು ಶತಮಾನಗಳ ಬಳಿಕ ಒಂದು ಧರ್ಮದ ಮೇಲಿನ ಫಿರ್ಯಾದಿಯನ್ನಾಗಿ ಬಳಸುವುದೂ ಸಲ್ಲದು. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಹುಟ್ಟಿನ ಮೇಲುಕೀಳನ್ನು ಕನ್ನಡದಲ್ಲಿ ಅದುವರೆಗೆ ಕೇಳಿರದ ನೇರ ಮಾತಿನಲ್ಲಿ ಪ್ರಶ್ನಿಸಿದ್ದರು. ಶಿವಭಕ್ತಿಯ ಒಂದೇ ಹೊನಲಿನಿಂದ ಆ ವಚನಗಳೂ ಈ ಕಲ್ಲೂ ಬಂದವು. ಇಲ್ಲಿ ಗಮನಿಸಬೇಕಾದುದು ಕಲ್ಲಿನ ರಚನಾಕ್ರಮ. ಒಂದು ಪಂಥ, ಒಂದು ಪರೀಕ್ಷೆ, ಒಬ್ಬ ಅರಸ, ಒಂದು ಜಯಪತ್ರ. ಗೆದ್ದವನ ಹೆಸರು, ಗೋತ್ರ, ಮಹಿಮೆಗಳೆಲ್ಲ ಅಲ್ಲಿವೆ. ಸೋತವರು ಆ ಮೇಲೆ ಏನಾದರು, ಎಲ್ಲಿ ಪೂಜಿಸಿದರು, ಊರಲ್ಲೇ ಉಳಿದರೇ ಎಂಬುದಕ್ಕೆ ಅದರಲ್ಲಿ ಒಂದು ಅಕ್ಷರದ ಜಾಗವೂ ಇಲ್ಲ.

ದತ್ತಿ ಕೊಟ್ಟ ಕಾಮದೇವನ ರಾಜಧಾನಿ ಹಾನಗಲ್ಲು, ಶಾಸನಗಳ ಪಾನುಂಗಲ್ಲು. ಅಲ್ಲಿಯೂ ಕಲ್ಲುಗಳು ಮಾತನಾಡುತ್ತವೆ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಬಂದು ಆನೆಕೆರೆಯ ಬಳಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದುದನ್ನೂ, ಅವನನ್ನು ತಡೆದ ದಂಡನಾಯಕ ಸೋಹಣಿ ಮಡಿದುದನ್ನೂ ಅಲ್ಲಿಯ ವೀರಗಲ್ಲು ತಿಳಿಸುತ್ತದೆ. ವೀರಗಲ್ಲಿನ ಕ್ರಮ ಎಲ್ಲರಿಗೂ ಪರಿಚಿತವಾದುದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವಸನ್ನಿಧಿ. ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಒಯ್ಯುವಂತೆ ಶಿಲ್ಪಿ ಯೋಜಿಸಿದ್ದಾನೆ. ಹೆಣಗಳ ರಾಶಿಯ ಮೇಲೆ ನೋಟ ನಿಲ್ಲಬಾರದು, ಅದು ಸ್ವರ್ಗಕ್ಕೆ ಏರಬೇಕು. ಸತ್ತವನ ಮನೆಯವರಿಗೆ ಇದರಿಂದ ಒಂದು ಸಮಾಧಾನ ದೊರೆತಿದ್ದೀತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಕಾಳಗ ಯಾಕಾಗಿ ನಡೆಯಿತು ಎಂದು ಯಾವ ಪಟ್ಟಿಕೆಯೂ ಕೇಳುವುದಿಲ್ಲ.

ಎಲ್ಲ ಕಲ್ಲುಗಳೂ ಗೆದ್ದವರ ಕಲ್ಲುಗಳೇ ಎಂದರೆ ತಪ್ಪಾದೀತು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯ ತೀರಿಸಿದ 1368ರ ಶ್ರವಣಬೆಳಗೊಳದ ಶಾಸನ ಇದಕ್ಕೆ ದೊಡ್ಡ ಅಪವಾದ. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕಲಶ ಮತ್ತು ಪಂಚಮಹಾವಾದ್ಯಗಳ ಹಕ್ಕನ್ನು ಉಳಿಸಿಕೊಟ್ಟ. ಅಬಲೂರಿನ ಕಲ್ಲಿಗೂ ಬೆಳಗೊಳದ ಕಲ್ಲಿಗೂ ನಡುವೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಶತಮಾನದ ಅಂತರ. ಎರಡರಲ್ಲಿಯೂ ತೀರ್ಪು ಅರಸನದೇ. ಒಂದರಲ್ಲಿ ಅದು ಜಯಪತ್ರ, ಇನ್ನೊಂದರಲ್ಲಿ ಒಡಂಬಡಿಕೆ.

ಹಾನಗಲ್ಲಿನಿಂದ ಶಿಗ್ಗಾಂವಿಯ ಕಡೆಗೆ ಬಂದರೆ ಬಂಕಾಪುರ ಸಿಗುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನ ಹೆಸರು ಹೊತ್ತ ಊರು. ಗುಣಭದ್ರರ 'ಉತ್ತರಪುರಾಣ'ಕ್ಕೆ ಶಿಷ್ಯ ಲೋಕಸೇನ 898ರಲ್ಲಿ ಪ್ರಶಸ್ತಿ ಸೇರಿಸಿದುದು ಇಲ್ಲಿ. ಗಂಗರ ಮಾರಸಿಂಹ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟುದೂ ಇಲ್ಲಿ. ಆ ಅಜಿತಸೇನರ ಶಿಷ್ಯನಾದ ರನ್ನ ಬಳೆಗಾರರ ಮನೆಯ ಮಗ, ಅದನ್ನು ಮುಚ್ಚಿಡದೆ ಕಾವ್ಯದಲ್ಲಿ ಹೇಳಿಕೊಂಡವನು. ಅವನಿಗಿಂತ ಮೊದಲು, ಬನವಾಸಿ ನಾಡನ್ನು ಮನಸಾರೆ ಹಾಡಿದ ಪಂಪ 'ಆದಿಪುರಾಣ'ದಲ್ಲಿ ಮನುಷ್ಯಜಾತಿ ಒಂದೇ ಎಂಬ ವಿಚಾರವನ್ನು ಕನ್ನಡಕ್ಕೆ ತಂದಿದ್ದ. 'ವಿಕ್ರಮಾರ್ಜುನ ವಿಜಯ'ದಲ್ಲಿ ಕರ್ಣನ ಕುಲವನ್ನು ಕೆದಕಿದವರ ಬಾಯಿಗೆ ಉತ್ತರ ಕೊಡಿಸಿದ್ದ. ಹಾನಗಲ್ಲು ಐನೂರೂ ಬನವಾಸಿ ಪನ್ನಿರ್ಚ್ಛಾಸಿರವೂ ಒಂದಕ್ಕೊಂದು ತಗುಲಿದ ನಾಡುಗಳು. ಆದುದರಿಂದ ಮುಂದೆ ಬಂದ ಕವಿಗಳು ಈ ಪ್ರಶ್ನೆಯನ್ನು ಬರಿಯ ನೆಲದಲ್ಲಿ ಬಿತ್ತಲಿಲ್ಲ. ಆದರೂ ಪಂಪನ ಕರ್ಣ ಕ್ಷತ್ರಿಯರ ಸಭೆಯಲ್ಲಿ ನಿಂತು ಅವರದೇ ಮೌಲ್ಯವಾದ ಶೌರ್ಯದಿಂದ ತನ್ನನ್ನು ಅಳೆಯಿರಿ ಎನ್ನುವವನು. ಅಳತೆಗೋಲನ್ನೇ ಬದಲಿಸುವ ಕೆಲಸ ಬಂಕಾಪುರದ ಮಗ್ಗುಲಿನ ಬಾಡ ಗ್ರಾಮದವನಿಗೆ ಉಳಿದಿತ್ತು.

ಕನಕದಾಸರ ಪೂರ್ವಾಶ್ರಮದ ಬಗ್ಗೆ ಐತಿಹ್ಯಗಳು ಹಲವು. ಕುರುಬ ಸಮುದಾಯದ ಬೀರಪ್ಪ, ಬಚ್ಚಮ್ಮ ದಂಪತಿಗಳ ಮಗ, ಹೆಸರು ತಿಮ್ಮಪ್ಪನಾಯಕ. ವಿಜಯನಗರದ ಆಳ್ವಿಕೆಯಲ್ಲಿ ಬಂಕಾಪುರ ಸೀಮೆಯ ಪಾಳೆಯಗಾರ. ಒಂದು ಯುದ್ಧದಲ್ಲಿ ಗಾಯಗೊಂಡು ಬದುಕುಳಿದ ಮೇಲೆ ಕತ್ತಿ ಬಿಟ್ಟು ಕಾಗಿನೆಲೆಯ ಆದಿಕೇಶವನ ದಾಸನಾದ. ಈ ಐತಿಹ್ಯದಲ್ಲಿ ಸತ್ಯಾಂಶ ಇದ್ದುದಾದರೆ, ವೀರಗಲ್ಲಾಗಿ ಮುಗಿಯಬೇಕಾಗಿದ್ದ ಒಬ್ಬ ಯೋಧ ಕವಿಯಾಗಿ ಉಳಿದ ಎನ್ನಬೇಕು. 'ಮೋಹನತರಂಗಿಣಿ', 'ನಳಚರಿತ್ರೆ', 'ಹರಿಭಕ್ತಿಸಾರ'ಗಳ ಜೊತೆಗೆ ಆತ ಬರೆದ 'ರಾಮಧಾನ್ಯ ಚರಿತೆ' ಗಾತ್ರದಲ್ಲಿ ಸಣ್ಣದು, ಭಾಮಿನಿ ಷಟ್ಪದಿಯ ನೂರೈವತ್ತಕ್ಕೂ ಮಿಕ್ಕ ಪದ್ಯಗಳು. ಕೀರ್ತನೆಗಳ ಜನಪ್ರಿಯತೆಯ ನೆರಳಿನಲ್ಲಿ ಈ ಕಾವ್ಯ ಬಹುಕಾಲ ಒಂದು ಚಮತ್ಕಾರದ ಕಥೆಯೆಂದಷ್ಟೇ ಓದಿಸಿಕೊಂಡಿತು. ಅದರ ಕಟ್ಟಡವನ್ನು ಅಬಲೂರಿನ ಶಾಸನದ ಪಕ್ಕ ಇಟ್ಟು ನೋಡಿದರೆ ಬೇರೊಂದು ಅರ್ಥ ತೆರೆಯುತ್ತದೆ.

ರಾವಣನನ್ನು ಗೆದ್ದು ಹಿಂದಿರುಗುತ್ತಿರುವ ರಾಮ ಮುಚುಕುಂದ ಋಷಿಯ ಆಶ್ರಮದಲ್ಲಿ ತಂಗುತ್ತಾನೆ. ಬಗೆಬಗೆಯ ಭಕ್ಷ್ಯಗಳು ಬರುತ್ತವೆ. ಅವುಗಳಿಗೆ ಮೂಲವಾದ ಧಾನ್ಯಗಳಲ್ಲಿ ಯಾವುದು ಉತ್ತಮ ಎಂಬ ಮಾತು ಏಳುತ್ತದೆ. ಒಬ್ಬೊಬ್ಬರು ಒಂದೊಂದನ್ನು ಹೊಗಳುವಾಗ ಗೌತಮ ಮುನಿ ನರೆದಲಗನ, ಎಂದರೆ ರಾಗಿಯ, ಪರ ನಿಲ್ಲುತ್ತಾನೆ. ವ್ರೀಹಿಗೆ, ಎಂದರೆ ಭತ್ತಕ್ಕೆ, ಇದು ತಡೆಯದ ಅವಮಾನ. ದೇವರ ನೈವೇದ್ಯಕ್ಕೆ, ಅರಸರ ತಟ್ಟೆಗೆ, ದ್ವಿಜರ ಶುಭಕಾರ್ಯಗಳಿಗೆ ಸಲ್ಲುವ ತನ್ನೆದುರಿಗೆ ಶೂದ್ರರ ಕೂಳಾದ ಈ ಹೀನನನ್ನು ಹೇಗೆ ಎತ್ತಿ ಆಡುವಿರಿ ಎಂದು ವ್ರೀಹಿ ಕೆರಳುತ್ತದೆ. ನರೆದಲಗನೂ ಸುಮ್ಮನಿರುವುದಿಲ್ಲ. ನೀನು ಉಳ್ಳವರ ಬೆನ್ನಿಗೆ ನಿಂತವನು, ಬಡವರತ್ತ ಕಣ್ಣೆತ್ತದವನು, ಹೆಣದ ಬಾಯಿಗೆ ಬೀಳುವ ಅಕ್ಕಿಯೂ ನೀನೇ ಅಲ್ಲವೇ ಎಂದು ಅದು ಮೂದಲಿಸುತ್ತದೆ. ಮಳೆ ಕೈಕೊಟ್ಟ ಬರಗಾಲದಲ್ಲಿ ಜನರ ಜೀವ ಹಿಡಿದು ನಿಲ್ಲಿಸುವವನು ತಾನೆನ್ನುತ್ತದೆ. ಜಗಳ ಮಿತಿಮೀರುತ್ತದೆ. ರಾಮ ತಕ್ಷಣ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲು ಹೇಳಿ ಅಯೋಧ್ಯೆಗೆ ಹೊರಡುತ್ತಾನೆ.

ಅಬಲೂರಿನಲ್ಲಿದ್ದುದೆಲ್ಲ ಇಲ್ಲಿಯೂ ಇದೆ: ಹೆಚ್ಚುಗಾರಿಕೆಯ ವಾದ, ಪರೀಕ್ಷೆ, ತೀರ್ಪು ಕೊಡುವ ಅರಸ. ಬದಲಾದುದು ಪರೀಕ್ಷೆಯ ಸ್ವರೂಪ. ಶಿರಚ್ಛೇದದ ಪವಾಡವನ್ನು ಕಂಡವರು ನಂಬಬೇಕು, ಕಾಣದವರು ಕಂಡವರನ್ನು ನಂಬಬೇಕು. ಕನಕದಾಸರ ಪರೀಕ್ಷೆ ಒಕ್ಕಲುಮಕ್ಕಳ ಮನೆಯಲ್ಲಿ ವರ್ಷವರ್ಷವೂ ನಡೆಯುವಂಥದು. ಕೂಡಿಟ್ಟ ಕಾಳಿನಲ್ಲಿ ಯಾವುದು ಮುಗ್ಗುತ್ತದೆ, ಯಾವುದಕ್ಕೆ ಹುಳು ಬೀಳುತ್ತದೆ, ಯಾವುದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ ಎಂಬುದು ಹಗೇವು ತೆರೆದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಕವಿ ಆ ತಿಳಿವಳಿಕೆಯನ್ನೇ ಸಾಕ್ಷಿಯಾಗಿ ರಾಮನ ಸಭೆಗೆ ತಂದ. ಶಾಸ್ತ್ರ ಬಲ್ಲವರು ಕೂತ ಆ ಸಭೆಯಲ್ಲಿ ಶಾಸ್ತ್ರದ ಒಂದು ವಾಕ್ಯದಿಂದಲೂ ತೀರ್ಮಾನವಾಗಲಿಲ್ಲ. ಆರು ತಿಂಗಳ ಮೇಲೆ ಸೆರೆಯಿಂದ ಬಂದ ವ್ರೀಹಿ ಸೊರಗಿ ಕಳೆಗುಂದಿತ್ತು. ನರೆದಲಗ ಹೋದಂತೆಯೇ ಬಂದಿತ್ತು. ರಾಮ ತನ್ನ ರಾಘವನೆಂಬ ಹೆಸರನ್ನೇ ಅದಕ್ಕೆ ಕೊಟ್ಟ, ಅದು ರಾಗಿಯಾಯಿತು.

ಇಲ್ಲಿ ಒಂದು ಸಂದೇಹ ಸಹಜ. ಬಾಡ, ಬಂಕಾಪುರಗಳು ಜೋಳದ ಸೀಮೆ. ಪಡುವಣದ ಹಾನಗಲ್ಲಿನ ಕಡೆಗೆ ಕೆರೆಯ ನೀರಿನ ಭತ್ತದ ಗದ್ದೆಗಳು. ರಾಗಿ ಮುಖ್ಯವಾಗಿ ತೆಂಕಣ ಕರ್ನಾಟಕದ ಬೆಳೆ. ರೊಟ್ಟಿ ತಿನ್ನುವ ನಾಡಿನ ಕವಿ ಜೋಳವನ್ನು ಬಿಟ್ಟು ರಾಗಿಯನ್ನು ನಾಯಕನನ್ನಾಗಿಸಿದ್ದೇಕೆ? ಹೆಸರಿನ ಶ್ಲೇಷೆಗಾಗಿ ಎಂಬ ಉತ್ತರ ಸುಲಭದ್ದು, ಸಾಲದ್ದು. ತನ್ನ ಊರಿನ ಅನ್ನವನ್ನು ಮೆರೆಸಿದ್ದರೆ ಅದು ಸೀಮೆಯ ಅಭಿಮಾನವಾಗಿ ಕಾಣುತ್ತಿತ್ತು. ವಿಜಯನಗರದ ವಿಶಾಲ ನಾಡಿನಲ್ಲಿ ದುಡಿಯುವ ಬಹುಜನರು ಉಂಡದ್ದು ಯಾವುದೋ ಅದನ್ನು ಎತ್ತಿಕೊಂಡದ್ದರಿಂದ ಕಾವ್ಯ ಊರಿನ ಗಡಿ ದಾಟಿತು. ಕುರುಬನೆಂಬ ಕಾರಣಕ್ಕೆ ತಾನು ಕಂಡುಂಡದ್ದನ್ನು ಕವಿ ಈ ಕಾವ್ಯದಲ್ಲಿ ತನ್ನ ಹೆಸರಿನಲ್ಲಿ ಹೇಳಿಕೊಂಡಿಲ್ಲ ಎಂಬುದನ್ನೂ ಗಮನಿಸಬೇಕು. ಅಹವಾಲು ಧಾನ್ಯದ ಬಾಯಲ್ಲಿ ಬಂದುದರಿಂದ ಅದಕ್ಕೆ ನಗೆಯ ಹೊದಿಕೆ ದೊರೆಯಿತು. ಅಕ್ಕಿ ಉಣ್ಣುವವರೂ ಮುಜುಗರವಿಲ್ಲದೆ ಕುಳಿತು ಕೇಳಬಹುದಾಯಿತು.

ಕಾವ್ಯದ ಅಂತ್ಯವನ್ನು ವಿಮರ್ಶಕರು ಅಷ್ಟಾಗಿ ಲಕ್ಷಿಸುವುದಿಲ್ಲ. ಸೋತ ವ್ರೀಹಿಯನ್ನು ರಾಮ ಹೊರಗೆ ಹಾಕುವುದಿಲ್ಲ. ಅದನ್ನು ಸಂತೈಸಿ, ಎರಡಕ್ಕೂ ರಾಜಿ ಮಾಡಿಸುತ್ತಾನೆ. ಬಂಡಾಯದ ಕಣ್ಣಿನಿಂದ ನೋಡುವ ಓದುಗರಿಗೆ ಈ ಸಾಮರಸ್ಯ ಒಂದು ಹಿಂದೆಗೆತವಾಗಿ ಕಂಡೀತು. ಮೇಲುಕೀಳಿನ ಏಣಿಯನ್ನು ತಿರುಗುಮುರುಗು ಮಾಡಿ ರಾಗಿಯನ್ನು ಮೇಲೆ, ಅಕ್ಕಿಯನ್ನು ಕೆಳಗೆ ಇರಿಸಿದ್ದರೆ ಕಾವ್ಯ ಇನ್ನಷ್ಟು ಹರಿತವಾಗುತ್ತಿತ್ತೇನೋ. ಆದರೆ ಆಗ ಅದು ಇನ್ನೊಂದು ಜಯಪತ್ರವಾಗುತ್ತಿತ್ತು. ಸೋತವರ ಗತಿಯೇನಾಯಿತೆಂದು ಕೇಳದ ಅಬಲೂರಿನ ಕಲ್ಲಿಗೂ, ಸೋತ ಧಾನ್ಯದ ಕಣ್ಣೀರನ್ನು ಒರೆಸಿಯೇ ಮುಗಿಯುವ ಬಾಡದವನ ಕಾವ್ಯಕ್ಕೂ ಇರುವ ದೂರ ಇದೇ.

ಇನ್ನು ಸರ್ವಜ್ಞ. ಆತನ ಕಾಲ ಚರ್ಚಾಸ್ಪದ. ಹದಿನಾರು, ಹದಿನೇಳನೆಯ ಶತಮಾನಗಳ ನಡುವೆ ವಿದ್ವಾಂಸರು ಇರಿಸುತ್ತಾರೆ. ಮಾಸೂರಿನ ಬ್ರಾಹ್ಮಣ ಬಸವರಸ ತಂದೆ, ಅಬಲೂರಿನ ಕುಂಬಾರಗಿತ್ತಿ ತಾಯಿ ಎಂಬುದು ಐತಿಹ್ಯ. ಚದುರಿಹೋಗಿದ್ದ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಕ್ರೈಸ್ತ ಪಾದ್ರಿಗಳಾದ ಉತ್ತಂಗಿ ಚನ್ನಪ್ಪನವರು. ಪಂಗಡಗಳ ಪಂಥದಿಂದ ಪ್ರಸಿದ್ಧವಾದ ಊರಿನ ಕವಿಯನ್ನು ಉಳಿಸಿಕೊಟ್ಟವರು ಮೂರನೆಯ ಧರ್ಮದವರು ಎಂಬುದು ಚರಿತ್ರೆಯ ಒಂದು ಸೊಗಸು. ಹುಟ್ಟಿನಿಂದಲೇ ಎರಡು ಕುಲಗಳ ನಡುವೆ ನಿಂತ ಈ ಕವಿ ಕುಲದ ಪ್ರಶ್ನೆಯನ್ನು ತರ್ಕಕ್ಕೆ ಒಯ್ಯದೆ ಕಣ್ಣೆದುರಿನ ವಸ್ತುಗಳಿಗೆ ಒಯ್ಯುತ್ತಾನೆ. ಕೀಳೆನಿಸಿಕೊಂಡವನ ಮನೆಯಲ್ಲಿ ಹಚ್ಚಿದ ದೀಪದ ಬೆಳಕೂ ಕೀಳೇ ಎಂದು ಕೇಳುತ್ತಾನೆ. ಎಲ್ಲರೂ ನಡೆಯುವ ನೆಲ, ಕುಡಿಯುವ ನೀರು, ಕೊನೆಗೆ ಸುಡುವ ಬೆಂಕಿ ಒಂದೇ ಆಗಿರುವಾಗ ಗೋತ್ರ ಎಲ್ಲಿಂದ ನುಸುಳಿತು ಎಂದು ಬೆರಗಾಗುತ್ತಾನೆ. ತ್ರಿಪದಿ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ಛಂದಸ್ಸು. ಮೂರೇ ಸಾಲಿನಲ್ಲಿ ಮುಗಿದು ನಾಲಗೆಯ ಮೇಲೆ ಉಳಿಯುವುದರಿಂದ ಅದಕ್ಕೆ ಶಿಲ್ಪಿಯೂ ಬೇಡ, ದತ್ತಿ ಕೊಡುವ ಅರಸನೂ ಬೇಡ. ಸರ್ವಜ್ಞನನ್ನು ಪೂರ್ತಿ ಸಮತೆಯ ಕವಿಯೆಂದು ಕೂರಿಸುವುದೂ ಕಷ್ಟವೇ. ಆತನ ಹೆಸರಿನಲ್ಲಿ ದೊರೆಯುವ ಹಲವು ತ್ರಿಪದಿಗಳು ಹೆಣ್ಣನ್ನೂ ಕೆಲವು ಕಸುಬಿನವರನ್ನೂ ನಿರ್ದಯವಾಗಿ ಹಳಿಯುತ್ತವೆ. ಪ್ರಕ್ಷೇಪಗಳೆಂದು ಅವನ್ನೆಲ್ಲ ತಳ್ಳಿಹಾಕುವುದು ಅನುಕೂಲದ ವಾದ. ಹುಟ್ಟಿನ ಅವಮಾನ ಉಂಡವನ ನಾಲಗೆಯೂ ಇನ್ನೊಬ್ಬರ ಹುಟ್ಟನ್ನು ಹಂಗಿಸಬಲ್ಲದು ಎಂಬುದನ್ನು ಒಪ್ಪಿಕೊಂಡೇ ಆತನನ್ನು ಓದಬೇಕಾಗುತ್ತದೆ.

ಶಿಶುನಾಳದ ಷರೀಫರ (1819–1889) ಹೊತ್ತಿಗೆ ನಾಡಿನ ಒಡೆತನ ಹಲವು ಕೈ ಬದಲಾಗಿತ್ತು. ಸವಣೂರಿನ ಪಠಾಣ ನವಾಬರ ಸಂಸ್ಥಾನ ಕುಗ್ಗಿತ್ತು. ಪೇಶ್ವೆಯ ಆಳ್ವಿಕೆ ಮುಗಿದು ಕಂಪನಿ ಸರಕಾರ ಬಂದಿತ್ತು. ಅದೇ ನವಾಬರ ಸವಣೂರಿನಲ್ಲಿ ಉತ್ತರಾದಿಮಠದ ಸತ್ಯಬೋಧತೀರ್ಥರು 1783ರಲ್ಲಿ ವೃಂದಾವನಸ್ಥರಾದರೆಂಬುದನ್ನು ನೆನೆದರೆ, ಮತಗಳ ನಡುವೆ ಓಡಾಟದ ಹಾದಿಗಳು ಆಗಲೇ ಇದ್ದುವೆಂದು ತಿಳಿಯುತ್ತದೆ. ಇಮಾಮ ಸಾಹೇಬರ ಮಗ ಷರೀಫರು ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದು, ಬಳಿಕ ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಗುರು ಶಿಷ್ಯನಿಗೆ ತನ್ನ ಜನಿವಾರ ತೊಡಿಸಿದನೆಂದೂ, ಇಬ್ಬರನ್ನೂ ಅವರವರ ಜನ ಹೊರಗಿಡಲು ನೋಡಿದರೆಂದೂ ಜನ ಇಂದಿಗೂ ಹೇಳುತ್ತಾರೆ. ಷರೀಫರ ಪದಗಳಲ್ಲಿ ಪಂಥವೂ ಇಲ್ಲ, ಪರೀಕ್ಷೆಯೂ ಇಲ್ಲ, ತೀರ್ಪು ಕೊಡುವ ಅರಸನಂತೂ ಇಲ್ಲವೇ ಇಲ್ಲ. ಮಳೆಗೆ ಸೋರುವ ಮಣ್ಣಿನ ಮಾಳಿಗೆ, ಹೊಸದಾಗಿ ಬಂದ ಗಿರಣಿ, ಜಾತ್ರೆಯಲ್ಲಿ ಜಾರಿ ಬೀಳುವ ಮುದುಕಿ, ಹೀಗೆ ಎಲ್ಲರ ಮನೆಯದೂ ಆದ ವಸ್ತುಗಳಿವೆ. ಮೊಹರಮ್ಮಿನ ಅಲಾವಿ ಪದಗಳನ್ನು ಅವರು ಅದೇ ಆಡುಗನ್ನಡದಲ್ಲಿ ಕಟ್ಟಿದರು. ದೇವಿಯನ್ನೂ ಬಸವಣ್ಣನನ್ನೂ ಹಾಡಿದ್ದು ಅದೇ ಬಾಯಿ. ಯಾರು ಹೆಚ್ಚು ಎಂಬ ಪ್ರಶ್ನೆಯನ್ನು ಕನಕದಾಸರು ಗಂಭೀರವಾಗಿ ಎತ್ತಿ ಬಗೆಹರಿಸಿದರೆ, ಷರೀಫರು ಅದನ್ನು ಪ್ರಶ್ನೆಯೆಂದೇ ಎಣಿಸಲಿಲ್ಲ. ಶಿಶುನಾಳದ ಗದ್ದುಗೆಗೆ ಇಂದಿಗೂ ಎರಡೂ ಮತದವರು ನಡೆದುಕೊಳ್ಳುತ್ತಾರೆ. 1990ರಲ್ಲಿ ಟಿ. ಎಸ್. ನಾಗಾಭರಣ ಅವರ ಚಿತ್ರವೂ ಸಿ. ಅಶ್ವತ್ಥರ ಧಾಟಿಗಳೂ ಆ ಪದಗಳನ್ನು ಓದು ಬಾರದವರ ಮನೆಗೂ ಮುಟ್ಟಿಸಿದವು.

ಹಾಡಿದವರು, ಕೇಳಿದವರು ಇಷ್ಟಿದ್ದೂ ಧಾನ್ಯದ ವ್ಯಾಜ್ಯ ಮುಗಿದಿರಲಿಲ್ಲ. 1973ರಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದರು. ಕಾಳು ತೆಗೆದ ಮೇಲೆ ದನಕ್ಕೆ ಹಾಕುವ ಹೊಟ್ಟು ಎಂಬ ಆ ಮಾತಿಗೆ ರಾಜ್ಯ ಹೊತ್ತಿಕೊಂಡಿತು. ದಲಿತ, ಬಂಡಾಯ ಸಾಹಿತ್ಯ ಚಳವಳಿಗಳಿಗೆ ಆ ಕಿಡಿ ಒಂದು ಮುಖ್ಯ ಪ್ರೇರಣೆಯಾಯಿತು. ಕನಕದಾಸರನ್ನು ಓದಿದವರಿಗೆ ಈ ರೂಪಕ ಅಷ್ಟೊಂದು ಅಪರಿಚಿತವಾಗಬೇಕಾಗಿರಲಿಲ್ಲ. ನಿಮ್ಮ ಕಾವ್ಯದ ಕಣಜದಲ್ಲಿ ನಮ್ಮ ಹಸಿವಿಗೆ ಒದಗುವ ಕಾಳು ಎಷ್ಟಿದೆ ಎಂದು ಕೇಳುವ ಹಕ್ಕನ್ನು ನರೆದಲಗ ಆಗಲೇ ಚಲಾಯಿಸಿತ್ತು. ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿಯೇ ನಿಷೇಧಿಸಿದ ಕೀರ್ತಿಯೂ ಅದೇ ಬಸವಲಿಂಗಪ್ಪನವರದು.

2010ರ ಜುಲೈ ತಿಂಗಳಲ್ಲಿ ಸವಣೂರಿನಲ್ಲಿ, ತಲೆಮಾರುಗಳಿಂದ ಮಲ ಬಳಿಯುವ ಕೆಲಸಕ್ಕೆ ಕಟ್ಟುಬಿದ್ದಿದ್ದ ಭಂಗಿ ಸಮುದಾಯದ ಕೆಲವರು ಪುರಸಭೆಯ ಎದುರು ತಮ್ಮ ಮೈಗೆ ಮಲ ಸುರಿದುಕೊಂಡು ನಿಂತರು. ವಾಸದ ಜಾಗದಿಂದ ಎಬ್ಬಿಸಲು ಹೊರಟಿದ್ದಕ್ಕೆ ಅದು ಅವರ ಉತ್ತರ. ಬಾಡವೂ ಶಿಶುನಾಳವೂ ಅಲ್ಲಿಗೆ ದೂರದ ಊರುಗಳೇನಲ್ಲ. ಷರೀಫರ ಪದ ಕೇಳದ ಓಣಿ ಆ ಸೀಮೆಯಲ್ಲಿ ಇರಲಾರದು. ರೂಪಕದ ಹೊದಿಕೆ, ನಗೆ, ಛಂದಸ್ಸು ಯಾವುದಕ್ಕೂ ಆ ದಿನ ಎಡೆಯಿರಲಿಲ್ಲ. ಅಹವಾಲನ್ನು ಧಾನ್ಯದ ಬಾಯಿಗೆ ಕೊಡದೆ ಅವರು ತಮ್ಮ ಮೈಯಿಂದಲೇ ಹೇಳಿದರು. ಪತ್ರಿಕೆಗಳು ಅದನ್ನು ವರದಿ ಮಾಡಿದ ಮೇಲೆ ಸರಕಾರವೂ ಸಂಘಟನೆಗಳೂ ಸವಣೂರಿನ ಕಡೆಗೆ ತಿರುಗಿ ನೋಡಿದವು.